ಗಂಡನ ಸಹಿ ಯಾವ ಕಾಯ್ದೆಯಲ್ಲಿದೆ?

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಬಸಿರು, ಹೆರಿಗೆ, ಗರ್ಭಪಾತ, ಸಂತಾನಹರಣ ಆಪರೇಷನ್ ಮತ್ತು ಇವುಗಳ ಕಾನೂನಿನ ಬಗ್ಗೆ. ಆರೋಗ್ಯದ ಕಾಯ್ದೆಗಳನ್ನು ಬದಲಾಯಿಸುವಲ್ಲಿ ಸಾಮಾನ್ಯ ಹೆಂಗಸರ ಮಾತಿಗೆ ಎಷ್ಟು ಜಾಗ ಇದೆ, ಕೇಳಿ ಅಂತ ಹೋದ ಸಲ ಕರೆದಿದ್ದೆವು. ಬರೆದವರಲ್ಲಿ ಹೆಚ್ಚಿನವರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಯಾರ ಹೆಸರೂ ಇಲ್ಲ, ಜಿಲ್ಲೆ ಮಾತ್ರ ಇದೆ.

ಪ್ರಶ್ನೆ: ಮೇಡಂ, ನಮ್ಮ ಸಂಘದ ಒಬ್ಬಳಿಗೆ ಎರಡು ಮಕ್ಕಳಿವೆ. ಮತ್ತೆ ಬಸಿರಾದಳು, ಬೇಡ ಅಂತ ಆಸ್ಪತ್ರೆಗೆ ಹೋದಳು. ಗಂಡ ಗೋವಾಕ್ಕೆ ದುಡಿಯಲು ಹೋಗಿದ್ದಾನೆ. ಗಂಡ ಬಂದು ಸಹಿ ಹಾಕದೆ ಮುಟ್ಟುವುದಿಲ್ಲ ಅಂತ ವಾಪಸ್ ಕಳಿಸಿದರು. ಕೊನೆಗೆ ಯಾರೋ ತಂದುಕೊಟ್ಟ ಮಾತ್ರೆ ನುಂಗಿ ರಕ್ತ ಹೋಗಿ, ಅದೇ ಆಸ್ಪತ್ರೆಗೆ ರಾತ್ರಿ ಹೊತ್ತುಕೊಂಡು ಹೋದೆವು. ಈ ಕಾನೂನನ್ನು ತೆಗೆಸಲು ನಾವು ಏನು ಮಾಡಬೇಕು?
(ಸ್ವಸಹಾಯ ಸಂಘದ ಸದಸ್ಯೆ, ಕೊಪ್ಪಳ ಜಿಲ್ಲೆ)

ಉತ್ತರ: ತೆಗೆಸುವುದಕ್ಕೆ ಅಂಥ ಕಾನೂನೇ ಇಲ್ಲಮ್ಮ. ಸಿಟ್ಟು ಬರುವುದು ಅದಕ್ಕೇ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಎಲ್ಲರೂ ಎಂಟಿಪಿ ಕಾಯ್ದೆ ಅನ್ನುತ್ತಾರಲ್ಲ, ಅದರ 3ನೇ ಸೆಕ್ಷನ್ ಪ್ರಕಾರ ಬೇಕಾಗಿರುವುದು ಬಸುರಿಯ ಒಪ್ಪಿಗೆ. ಅವಳಿಗೆ 18 ತುಂಬಿಲ್ಲದಿದ್ದರೆ ಅಥವಾ ಮಾನಸಿಕ ಕಾಯಿಲೆ ಇದ್ದರೆ ಮಾತ್ರ ಪೋಷಕರು ಬರೆದುಕೊಡಬೇಕು. ಒಪ್ಪಿಗೆಗೆ ನಮೂನೆ ಸಿ ಅಂತ ಒಂದು ಹಾಳೆ ಇದೆ. ಅದರಲ್ಲಿ ಗಂಡ ಸಹಿ ಹಾಕಲು ಜಾಗವೇ ಇಲ್ಲ.

ಮತ್ತೆ ಯಾಕೆ ಕೇಳುತ್ತಾರೆ? ಭಯ. 2007ರಲ್ಲಿ ಒಂದು ವಿಚ್ಛೇದನದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಗಂಡನಿಗೆ ತಿಳಿಸದೆ, ವೈದ್ಯಕೀಯ ಕಾರಣವೂ ಇಲ್ಲದೆ ಗರ್ಭ ತೆಗೆಸಿದರೆ ಅದು ಮಾನಸಿಕ ಕ್ರೌರ್ಯ ಆಗಬಹುದು ಅಂದಿತ್ತು. ಅದು ವಿಚ್ಛೇದನಕ್ಕೆ ಹೇಳಿದ ಮಾತು, ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೆ ಹೇಳಿದ್ದಲ್ಲ. ಆದರೆ ಬಾಯಿಂದ ಬಾಯಿಗೆ ಹೋಗುತ್ತಾ ಅದೇ "ರೂಲ್ಸು" ಆಗಿಬಿಟ್ಟಿತು. ಮುಂದೆ ಗಂಡನೊಬ್ಬ, ನನ್ನ ಒಪ್ಪಿಗೆ ಇಲ್ಲದೆ ಹೆಂಡತಿಗೆ ಗರ್ಭಪಾತ ಮಾಡಿದರು, ಪರಿಹಾರ ಕೊಡಿಸಿ ಅಂತ ಹೆಂಡತಿ ಮೇಲೂ ಡಾಕ್ಟರ ಮೇಲೂ ಕೇಸು ಹಾಕಿ ಸುಪ್ರೀಂ ಕೋರ್ಟಿನವರೆಗೂ ಹೋದ. 2017ರ ಅಕ್ಟೋಬರಿನಲ್ಲಿ ಅವನ ಅರ್ಜಿ ವಜಾ ಆಯಿತು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಂತೂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ಮನೆಯವರ ಒಪ್ಪಿಗೆ, ಕೋರ್ಟಿನ ಆದೇಶ, ಇಲ್ಲದ ದಾಖಲೆ ಅಂತ ಕಾಯ್ದೆ ಕೇಳದ ಷರತ್ತುಗಳನ್ನು ಡಾಕ್ಟರುಗಳು ಹಾಕಬಾರದು ಅಂತ.

ಈಗ ನೀವು ಮಾಡಬಹುದಾದ ಕೆಲಸ. ಮೊದಲು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: "ವಯಸ್ಕ ಮಹಿಳೆಯ ಗರ್ಭಪಾತಕ್ಕೆ ಗಂಡನ ಸಹಿ ಕಡ್ಡಾಯ ಮಾಡಿರುವ ಆದೇಶ ಅಥವಾ ಸುತ್ತೋಲೆಯ ಪ್ರತಿ ಕೊಡಿ." ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ಇದು ಗೊತ್ತಿಲ್ಲದೆ ಉದ್ದುದ್ದ ಬರೆದು ತಿರಸ್ಕಾರ ಆಗಿಸಿಕೊಂಡವರು ಬಹಳ ಜನ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಂಥ ಆದೇಶ ಕಾಯ್ದೆಯಿಂದ ಹುಟ್ಟಲು ಸಾಧ್ಯವಿಲ್ಲ. ಹಾಗಾಗಿ "ಲಭ್ಯವಿಲ್ಲ" ಅಂತಲೇ ಉತ್ತರ ಬರಬೇಕು. ಆ ಒಂದು ಹಾಳೆಯೇ ನಿಮ್ಮ ಬಂಡವಾಳ. ಅದನ್ನು ಹಿಡಿದು ಜಿಲ್ಲಾ ಆರೋಗ್ಯಾಧಿಕಾರಿಯ ಹತ್ತಿರ ಹೋಗಿ, "ಸಾರ್, ಗಂಡನ ಸಹಿ ಕೇಳಬಾರದು ಅಂತ ಎಲ್ಲ ಆಸ್ಪತ್ರೆಗೂ ಒಂದು ಸುತ್ತೋಲೆ ಕಳಿಸಿ" ಅನ್ನಿ. ಅಷ್ಟೇ ಕೇಳಿ. ಮನವಿ ಕೊಟ್ಟಾಗ ಸ್ವೀಕೃತಿಯ ಸೀಲು, ನಂಬರು ಹಾಕಿಸಿಕೊಳ್ಳದೆ ಬರಬೇಡಿ.

ನಿಮ್ಮ ಗೆಳತಿಗೆ ಆದದ್ದನ್ನು ಬರೆದಿಡಿ: ಎಂದು ಹೋದಳು, ಎಷ್ಟು ವಾರ ಆಗಿತ್ತು, ಕೌಂಟರಿನಲ್ಲಿ ಏನಂದರು. ಅವಳ ಹೆಸರು ಬೇಡ, ಅವಳ ಒಪ್ಪಿಗೆ ಬೇಕು. ಇಂಥ ನಾಲ್ಕಾರು ಘಟನೆ ಒಟ್ಟಾದರೆ ಅದು ದೂರಲ್ಲ, ದಾಖಲೆ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ 2015ರಲ್ಲಿ ದೇಶದಲ್ಲಿ 1 ಕೋಟಿ 56 ಲಕ್ಷ ಗರ್ಭಪಾತ ಆಗಿದ್ದವು. ಅವುಗಳಲ್ಲಿ ಮುಕ್ಕಾಲು ಭಾಗದಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ. ಅಂದರೆ ನಿಮ್ಮ ಗೆಳತಿ ಹೋದ ದಾರಿಯೇ ಈ ದೇಶದ ಹೆದ್ದಾರಿ. ಮಾತ್ರೆ ತಪ್ಪಲ್ಲ, 9 ವಾರದ ಒಳಗೆ ಡಾಕ್ಟರು ಬರೆದುಕೊಟ್ಟು ತೆಗೆದುಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಕೌಂಟರಿನಿಂದ ಓಡಿಸಿದ್ದು ತಪ್ಪು.

ಪ್ರಶ್ನೆ: ಕಾಯ್ದೆ ಮಾಡುವವರು ದೆಹಲಿಯಲ್ಲಿ ಕೂತಿರುತ್ತಾರೆ. ಇಲ್ಲಿ ನಾವು ಬ್ಯಾನರ್ ಹಿಡಿದು ನಿಂತರೆ ಟ್ರಾಫಿಕ್ ಜಾಮ್ ಆಗುತ್ತದೆ ಹೊರತು ಕಾಯ್ದೆ ಬದಲಾಗುವುದಿಲ್ಲ. ಬದಲಾದ ಒಂದು ಉದಾಹರಣೆ ಇದ್ದರೆ ಕೊಡಿ.
(ನಿವೃತ್ತ ನೌಕರ, ಧಾರವಾಡ)

ಉತ್ತರ: ಬ್ಯಾನರಿನಿಂದ ಮಾತ್ರ ಬದಲಾಗುವುದಿಲ್ಲ ಅನ್ನುವುದು ನಿಜ. ಇನ್ನೊಂದು ನಿಜವನ್ನೂ ನಾನೇ ಹೇಳಿಬಿಡುತ್ತೇನೆ. 1971ರ ಕಾಯ್ದೆ ಮಹಿಳೆಯರ ಹೋರಾಟದಿಂದ ಬಂದದ್ದಲ್ಲ. 1964ರಲ್ಲಿ ಸರ್ಕಾರ ಶಾಂತಿಲಾಲ್ ಶಾ ಸಮಿತಿ ಮಾಡಿತು, ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುವವರ ಬಗ್ಗೆ ಆ ಸಮಿತಿ ಬರೆಯಿತು, ಜನಸಂಖ್ಯೆಯ ಚಿಂತೆಯೂ ಆಗ ಜೋರಾಗಿತ್ತು. ಹಾಗಾಗಿ ಅದು ಡಾಕ್ಟರನ್ನು ಜೈಲಿನಿಂದ ಉಳಿಸುವ ಕಾಯ್ದೆಯಾಗಿ ಬಂತು. ಹಕ್ಕಿನ ಕಾಯ್ದೆಯಾಗಿ ಅಲ್ಲ. ಇವತ್ತಿಗೂ ಅದರ ಬೆನ್ನಿಗೆ ಆ ಗುಣ ಅಂಟಿಕೊಂಡಿದೆ.

ಆದರೆ ಆಮೇಲಿನದು ಬೇರೆ ಕಥೆ. 2008ರಲ್ಲಿ ಮುಂಬೈನ ನಿಕೇತಾ ಮೆಹ್ತಾ ಎಂಬಾಕೆ, ಹೊಟ್ಟೆಯಲ್ಲಿದ್ದ ಮಗುವಿನ ಹೃದಯದಲ್ಲಿ ತೊಂದರೆ ಇದೆ ಅಂತ ಗೊತ್ತಾದಾಗ, ತಮ್ಮ ಡಾಕ್ಟರ್ ನಿಖಿಲ್ ದಾತಾರ್ ಜೊತೆ ಬಾಂಬೆ ಹೈಕೋರ್ಟಿಗೆ ಹೋದರು. ಆಗಿನ ಮಿತಿ 20 ವಾರ. ಅವರಿಗೆ ಅದು ದಾಟಿತ್ತು. ಕೋರ್ಟ್ ಒಪ್ಪಲಿಲ್ಲ. ಕೇಸು ಸೋತಿತು, ಪ್ರಶ್ನೆ ಮಾತ್ರ ಊರೆಲ್ಲ ಸುತ್ತಿತು. ಅನಂತರದ ವರ್ಷಗಳಲ್ಲಿ ಒಬ್ಬರಾದ ಮೇಲೆ ಒಬ್ಬರು ಹೆಂಗಸರು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲು ಹತ್ತಿದರು. 2014ರ ಅಕ್ಟೋಬರಿನಲ್ಲಿ ಆರೋಗ್ಯ ಸಚಿವಾಲಯ ತಿದ್ದುಪಡಿಯ ಕರಡನ್ನು ಜನರ ಮುಂದಿಟ್ಟಿತು. ಸಂಘಟನೆಗಳು ಒಂದೊಂದು ಸಾಲನ್ನೂ ಹಿಡಿದು ಅಭಿಪ್ರಾಯ ಬರೆದವು. ಆಮೇಲೆ ಕರಡು ಮಲಗಿತು. ಎಷ್ಟೋ ವರ್ಷ ಮಲಗಿತು. ಕೊನೆಗೆ 2020ರ ಮಾರ್ಚಿನಲ್ಲಿ ಲೋಕಸಭೆ, 2021ರ ಮಾರ್ಚಿನಲ್ಲಿ ರಾಜ್ಯಸಭೆ ಒಪ್ಪಿ, ಅದೇ ಸೆಪ್ಟೆಂಬರ್ 24ರಿಂದ ಹೊಸ ಕಾಯ್ದೆ ಜಾರಿಗೆ ಬಂತು. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸುರಿ ಇದ್ದಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು, ಹೀಗೆ ಕೆಲವರಿಗೆ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದವರೆಗೆ. ಭ್ರೂಣದಲ್ಲಿ ಗಂಭೀರ ದೋಷ ಇದ್ದರೆ, ವೈದ್ಯಕೀಯ ಮಂಡಳಿ ಹೇಳಿದರೆ, ಅದಕ್ಕೂ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ತಿದ್ದುಪಡಿ. ಹಳೆ ಕಾಯ್ದೆಯಲ್ಲಿ, ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ ಅನ್ನುವ ಕಡೆ "ವಿವಾಹಿತ ಮಹಿಳೆ ಅಥವಾ ಅವಳ ಗಂಡ" ಅಂತ ಇತ್ತು. ಈಗ ಅಲ್ಲಿ "ಮಹಿಳೆ ಅಥವಾ ಅವಳ ಸಂಗಾತಿ" ಅಂತ ಇದೆ. ಅಷ್ಟೇ ಬದಲಾವಣೆ. ಆದರೆ 2022ರಲ್ಲಿ ಮದುವೆಯಾಗದ 25 ವರ್ಷದ ಹುಡುಗಿಗೆ ದೆಹಲಿ ಹೈಕೋರ್ಟ್ ಆಗುವುದಿಲ್ಲ ಅಂದಾಗ, ಸುಪ್ರೀಂ ಕೋರ್ಟ್ ಈ ಬದಲಾವಣೆಯನ್ನೂ ಆಧಾರ ಮಾಡಿಕೊಂಡು, 24 ವಾರದ ಅವಕಾಶ ಮದುವೆಯಾಗದವರಿಗೂ ಇದೆ ಅಂತ ತೀರ್ಪು ಕೊಟ್ಟಿತು. ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು. ಇನ್ನೂ ಹಿಂದಕ್ಕೆ ಹೋದರೆ 2017ರ ಖಾಸಗಿತನದ ತೀರ್ಪು ಇದೆ. ಮಕ್ಕಳು ಬೇಕೋ ಬೇಡವೋ ಅನ್ನುವ ತೀರ್ಮಾನ ವ್ಯಕ್ತಿಯ ಖಾಸಗಿತನಕ್ಕೆ ಸೇರಿದ್ದು ಅನ್ನುವುದು ಆ ತೀರ್ಪಿನಲ್ಲೂ ಇದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಿವೃತ್ತಿ ಅಂದಮೇಲೆ ನೀವೂ ನಿವೃತ್ತರೇ ಅಲ್ವಾ, ಯೋಚನೆ ಮಾಡಿ!

ಬೀದಿಯಿಂದಲೇ ಶುರುವಾದ ಕಾಯ್ದೆ ಬೇಕಾ? ಅದೂ ಇದೆ. 1980ರ ದಶಕದಲ್ಲಿ ಹೆಣ್ಣೋ ಗಂಡೋ ನೋಡಿ ಹೇಳುವ ಕ್ಲಿನಿಕ್ಕುಗಳು ಹುಟ್ಟಿದಾಗ ಮುಂಬೈಯ ಮಹಿಳಾ ಸಂಘಟನೆಗಳು, ಡಾಕ್ಟರುಗಳು, ವಕೀಲರು ಒಂದು ವೇದಿಕೆ ಕಟ್ಟಿಕೊಂಡು ಗಲಾಟೆ ಎಬ್ಬಿಸಿದರು. 1988ರಲ್ಲಿ ಮಹಾರಾಷ್ಟ್ರ ಲಿಂಗಪತ್ತೆ ತಡೆಯುವ ಕಾಯ್ದೆ ತಂದಿತು, 1994ರಲ್ಲಿ ಕೇಂದ್ರ ತಂದಿತು. ಕಾಯ್ದೆ ಬಂದು ಸುಮ್ನೆ ಕೂತಿತು. 2000ದಲ್ಲಿ ಸೆಹತ್, ಮಾಸೂಮ್ ಎಂಬ ಸಂಸ್ಥೆಗಳು ಮತ್ತು ಸಾಬು ಜಾರ್ಜ್ ಎಂಬ ಕಾರ್ಯಕರ್ತ ಸುಪ್ರೀಂ ಕೋರ್ಟಿಗೆ ಹೋದರು, 2003ರಲ್ಲಿ ಕಾಯ್ದೆ ಬಿಗಿಯಾಯಿತು. ಕಾಯ್ದೆ ಬರಿಸುವುದು ಒಂದು ಹೋರಾಟ, ಬಂದದ್ದನ್ನು ಎಬ್ಬಿಸುವುದು ಇನ್ನೊಂದು.

ಪ್ರಶ್ನೆ: ಹೆಣ್ಣು ಭ್ರೂಣ ತೆಗೆಸಿದರೆ ಕೊಲೆ ಅನ್ನುತ್ತೀರಿ. ಗರ್ಭಪಾತ ಹಕ್ಕು ಅಂತಲೂ ನೀವೇ ಅನ್ನುತ್ತೀರಿ. ಎರಡು ನಾಲಿಗೆ ಯಾಕೆ?
(ಕಾಲೇಜು ಉಪನ್ಯಾಸಕ, ಮಂಡ್ಯ)

ಉತ್ತರ: ಪ್ರಶ್ನೆ ಒರಟಾಗಿದ್ದರೂ ಕೇಳಬೇಕಾದದ್ದೇ. ಮೊದಲನೆಯದಾಗಿ, "ಭ್ರೂಣಹತ್ಯೆ" ಅನ್ನುವ ಪದವನ್ನು ನಾನು ಬಳಸುವುದಿಲ್ಲ. ಸರ್ಕಾರದ ಗೋಡೆಬರಹಗಳಲ್ಲಿ ಅದನ್ನು ಬರೆದೂ ಬರೆದೂ, ಹಳ್ಳಿಗಳಲ್ಲಿ ಎಲ್ಲ ಗರ್ಭಪಾತವೂ ಅಪರಾಧ ಅಂತ ಜನ ನಂಬಿದ್ದಾರೆ.

ಲಿಂಗಪತ್ತೆ ಕಾಯ್ದೆ ತಡೆಯುವುದು ಲಿಂಗ ನೋಡಿ ಹೇಳುವುದನ್ನು. ಸ್ಕ್ಯಾನಿಂಗ್ ಯಂತ್ರ ಯಾರ ಹತ್ತಿರ ಇದೆ, ನೋಂದಣಿ ಆಗಿದೆಯಾ, ಯಾರು ಹಣ ಪಡೆದು ಬಾಯಿ ಬಿಟ್ಟರು, ಇದು ಅದರ ಕೆಲಸ. ಮಗು ಬೇಡ ಅನ್ನುವುದು ಬೇರೆ, ಹೆಣ್ಣು ಮಗು ಬೇಡ ಅನ್ನುವುದು ಬೇರೆ. ಎರಡನೆಯದರಲ್ಲಿ ಆ ಹೆಂಗಸಿನ ಆಯ್ಕೆ ಎಷ್ಟು, ಅತ್ತೆ ಮನೆಯ ಆಯ್ಕೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2023ರ ಕೊನೆಯಲ್ಲಿ ನಿಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿತ್ತು ಅಂತ ಬಯಲಾಗಿ, ತನಿಖೆ ಸಿಐಡಿಗೆ ಹೋಯಿತಲ್ಲ. ಅಲ್ಲಿ ಕಾಯ್ದೆ ಮುಟ್ಟಬೇಕಾದದ್ದು ದಂಧೆಯವರನ್ನು. ಆದರೆ ಇಂಥ ಪ್ರಕರಣ ಹೊರಬಂದಾಗಲೆಲ್ಲ ಆಗುವುದೇನು? ಅಧಿಕಾರಿಗಳು ಮೆಡಿಕಲ್ ಶಾಪುಗಳ ಮೇಲೆ ಮುಗಿಬೀಳುತ್ತಾರೆ, ಅಂಗಡಿಯವರು ಮಾತ್ರೆ ಇಡುವುದನ್ನೇ ಬಿಡುತ್ತಾರೆ. 9 ವಾರದೊಳಗಿನ ಬಸಿರಿಗೆ ಕೊಡುವ ಮಾತ್ರೆ ಅದು. ಅಷ್ಟು ಬೇಗ ಸ್ಕ್ಯಾನಿಂಗಿನಲ್ಲಿ ಗಂಡು ಹೆಣ್ಣು ಕಾಣುವುದೇ ಇಲ್ಲ. 3 ತಿಂಗಳು ದಾಟಿದ ಬಸಿರಿಗೆ ಡಾಕ್ಟರುಗಳೂ ಕೈ ಎತ್ತುತ್ತಾರೆ, ಯಾಕಪ್ಪಾ ರಗಳೆ ಅಂತ. ಹೆಣ್ಣು ಮಕ್ಕಳನ್ನು ಉಳಿಸಲು ಬಂದ ಕಾಯ್ದೆಯ ಹೊಡೆತ ಹೆಂಗಸರಿಗೇ ಬೀಳುವುದು ಹೀಗೆ. ನಾವು ಕೇಳುತ್ತಿರುವುದು ಎರಡೂ ಕಾಯ್ದೆ ತಮ್ಮ ತಮ್ಮ ಕೆಲಸ ಮಾಡಲಿ ಅಂತ.

ಪ್ರಶ್ನೆ: ಮನವಿ ಕೊಡುವುದಾದರೆ ಶಾಸಕರಿಗೋ ಸಂಸದರಿಗೋ? ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.
(ಗ್ರಾಮ ಪಂಚಾಯಿತಿ ಸದಸ್ಯೆ, ಚಿತ್ರದುರ್ಗ ಜಿಲ್ಲೆ)

ಉತ್ತರ: ಸಂವಿಧಾನದಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲಿವೆ. ಕುಟುಂಬ ಯೋಜನೆ 1976ರ 42ನೇ ತಿದ್ದುಪಡಿಯಿಂದ ಕೇಂದ್ರ, ರಾಜ್ಯ ಇಬ್ಬರಿಗೂ ಸೇರಿದ ಪಟ್ಟಿಯಲ್ಲಿದೆ. ಎಂಟಿಪಿ ಕಾಯ್ದೆಯ ಸಾಲು ಬದಲಾಗಬೇಕು ಅಂದರೆ ಸಂಸದರು. ಡಾಕ್ಟರಿಲ್ಲ, ಅರಿವಳಿಕೆಯವರಿಲ್ಲ, ತಾಲ್ಲೂಕಿನಲ್ಲಿ ಗರ್ಭಪಾತ ಸೇವೆಯೇ ಇಲ್ಲ, ಮಂಡಳಿ ಕೂರುತ್ತಿಲ್ಲ ಅಂದರೆ ಶಾಸಕರು. ತಾಲ್ಲೂಕಿನ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆ ನಡೆಸುವವರೇ ಅವರು, ಅಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ, ಅಂದರೆ ಟಿಎಚ್‌ಓ ಉತ್ತರ ಕೊಡಲೇಬೇಕು. ಶಾಸಕರ ಕೈಯಲ್ಲಿ ಸದನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಬಾಯಲ್ಲೇ ಉತ್ತರ ಹೇಳಬೇಕಾದದ್ದು) ಕೇಳಿಸಿ. ಪ್ರಶ್ನೆಯನ್ನು ನೀವೇ ಬರೆದುಕೊಡಿ, ಅವರ ಪಿಎಗೆ ಕೆಲಸ ಉಳಿಯುತ್ತದೆ, ಅಷ್ಟು ಬೇಗ ಹೋಗುತ್ತದೆ.

ರಾಜ್ಯದಿಂದ ದೊಡ್ಡದನ್ನೇ ಕೇಳಬೇಕು ಅಂದರೆ ರಾಜಸ್ಥಾನ ನೋಡಿ. 2023ರ ಮಾರ್ಚಿನಲ್ಲಿ ಅಲ್ಲಿನ ವಿಧಾನಸಭೆ ಆರೋಗ್ಯದ ಹಕ್ಕಿನ ಕಾಯ್ದೆ ಮಾಡಿತು, ದೇಶದಲ್ಲೇ ಮೊದಲು. ಅದರ ಹಿಂದೆ ಜನ ಸ್ವಾಸ್ಥ್ಯ ಅಭಿಯಾನ ಎಂಬ ಆರೋಗ್ಯ ಸಂಘಟನೆಗಳ ಒಕ್ಕೂಟದವರ ವರ್ಷಗಟ್ಟಲೆ ದುಡಿಮೆ ಇತ್ತು. ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು, ಸರ್ಕಾರ ರಾಜಿಗೆ ಇಳಿಯಿತು. ಆದರೂ ಕಾಯ್ದೆ ಬಂತು. ಹೆಣ್ಣುಮಕ್ಕಳ ಸೇವೆಗಳನ್ನು ಅಂಥ ಕಾಯ್ದೆಯ ಒಳಗೇ ಬರೆಸಬೇಕು, ಇಲ್ಲದಿದ್ದರೆ ಆಮೇಲೆ "ಯೋಜನೆ" ಅಂತ ಬರುತ್ತದೆ, "ಯೋಜನೆ" ಅಂತಲೇ ಹೋಗುತ್ತದೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ವರ್ಷದ ಕೊನೆ ಬಂತೆಂದರೆ ಆಪರೇಷನ್ ಕೇಸು ಎಷ್ಟು ತಂದೆ ಅಂತ ಮೀಟಿಂಗಿನಲ್ಲಿ ಎಲ್ಲರೆದುರು ಕೇಳುತ್ತಾರೆ. ತರದಿದ್ದರೆ ಬೈಗುಳ. ಟಾರ್ಗೆಟ್ ಅಂತ ಬಾಯಲ್ಲಿ ಹೇಳುತ್ತಾರೆ, ಪೇಪರಿನಲ್ಲಿ ಇಲ್ಲ. ನಮ್ಮಂಥವರು ಕಾನೂನು ಮಾತಾಡಬಹುದಾ?
(ಹೆಸರು, ಜಿಲ್ಲೆ ಎರಡೂ ಬೇಡ)

ಉತ್ತರ: ಈ ಪತ್ರ ಓದಿ ಸ್ವಲ್ಪ ಹೊತ್ತು ಬೇರೆ ಪತ್ರ ತೆರೆಯಲಿಲ್ಲ. ಗರ್ಭಪಾತದ ಹಕ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಬಲವಂತದ ಆಪರೇಷನ್ ಬಗ್ಗೆ ಕೇಳುವವರು ಕಡಿಮೆ. ಎರಡೂ ಒಂದೇ ಹಕ್ಕು ತಾನೆ. ಬೇಡದ ಬಸಿರು ಹೊರಿಸುವುದೂ ತಪ್ಪು, ಬೇಕಾದ ಬಸಿರಿನ ದಾರಿ ಮುಚ್ಚುವುದೂ ತಪ್ಪು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು. ಅವುಗಳಲ್ಲಿ ಗಂಡಸರದೇ ಹೆಚ್ಚು. ಆ ಸಿಟ್ಟಿಗೆ ಸರ್ಕಾರ ಬಿತ್ತು, ಪಾಠ ಕಲಿತದ್ದು ಇಷ್ಟೇ: ಗಂಡಸರನ್ನು ಮುಟ್ಟಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ಮದುವೆಯಾದ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 37.9 ಮಂದಿಗೆ ಆಪರೇಷನ್ ಆಗಿದೆ. ಗಂಡನಿಗೆ ಆಪರೇಷನ್ ಆಗಿರುವುದು ಶೇ. 0.3. ಗಂಡಸರದು ಹತ್ತು ನಿಮಿಷದ ಸುಲಭದ ಆಪರೇಷನ್, ಹೊಟ್ಟೆ ಕೊಯ್ಯುವುದೂ ಇಲ್ಲ. ಇರಲಿ.

1996ರಲ್ಲಿ ಕೇಂದ್ರ ಸರ್ಕಾರ ಟಾರ್ಗೆಟ್ ಪದ್ಧತಿ ಕೈಬಿಟ್ಟೆವು ಅಂತ ಹೇಳಿತು. ಕಾಗದದಲ್ಲಿ ಬಿಟ್ಟಿತು, ಮೀಟಿಂಗಿನಲ್ಲಿ ಬಿಡಲಿಲ್ಲ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯಲ್ಲಿ ಒಂದು ಸರ್ಕಾರಿ ಶಾಲೆಯೊಳಗೆ, ಟಾರ್ಚ್ ಬೆಳಕಿನಲ್ಲಿ, ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಆಪರೇಷನ್ ಮಾಡಿದರು. ದೇವಿಕಾ ಬಿಸ್ವಾಸ್ ಎಂಬ ಕಾರ್ಯಕರ್ತೆ ಅದನ್ನು ದಾಖಲಿಸಿಕೊಂಡು ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 2014ರ ನವೆಂಬರಿನಲ್ಲಿ, ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡವರಲ್ಲಿ 13 ಮಂದಿ ಸತ್ತರು. 2016ರ ಸೆಪ್ಟೆಂಬರ್ 14ರಂದು ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ತೀರ್ಪು ಕೊಟ್ಟಿತು. ಮೂರು ವರ್ಷದೊಳಗೆ ಶಿಬಿರಗಳನ್ನು ನಿಲ್ಲಿಸಿ. ಆಪರೇಷನ್ ಆಗುವವರಿಗೆ ಅವರ ಭಾಷೆಯಲ್ಲೇ ಎಲ್ಲ ವಿವರಿಸಿ. ವಿವರಿಸಿದ ಮೇಲೂ ಒಂದು ಗಂಟೆಯಷ್ಟು ಬಿಡಿ, ಮನಸ್ಸು ಬದಲಾದರೆ ಎದ್ದು ಹೋಗಲಿ. ನಿಮಗೆ ಬೇಕಾದ ಮಾತೂ ಅದರಲ್ಲೇ ಇದೆ: ಆರೋಗ್ಯ ಕಾರ್ಯಕರ್ತರು ಜನರನ್ನು ಬಲವಂತ ಮಾಡುವಂಥ ಟಾರ್ಗೆಟ್ ಬೇಡ, ಅಧಿಕೃತವಾಗಿಯೂ ಬೇಡ, ಅನಧಿಕೃತವಾಗಿಯೂ ಬೇಡ.

ಹಾಗಾಗಿ, ಹೌದು, ಕಾನೂನು ಮಾತಾಡಬಹುದು. ಆದರೆ ಒಬ್ಬರೇ ಎದ್ದು ನಿಲ್ಲಬೇಡಿ, ನಿಮ್ಮ ಪ್ರೋತ್ಸಾಹಧನ ಯಾರ ಸಹಿಯಿಂದ ಬರುತ್ತದೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಸಂಘದ ಲೆಟರ್‌ಹೆಡ್ಡಿನಲ್ಲಿ ಹೋಗಲಿ. "ಟಾರ್ಗೆಟ್ ಎಷ್ಟು ಅಂತ ದಯವಿಟ್ಟು ಲಿಖಿತವಾಗಿ ಕೊಡಿ" ಅಂತ ವಿನಯವಾಗಿ ಕೇಳಿ. ಬರೆದುಕೊಡುವ ಧೈರ್ಯ ಯಾರಿಗೂ ಇರುವುದಿಲ್ಲ. ಮನೆ ಭೇಟಿಗೆ ಹೋದಾಗ ವಂಕಿ (ಕಾಪರ್-ಟಿ), ಗರ್ಭನಿರೋಧಕ ಮಾತ್ರೆ, ಗರ್ಭ ತಡೆಯುವ ಅಂತರಾ ಇಂಜೆಕ್ಷನ್, ಗಂಡಸರ ಆಪರೇಷನ್, ಎಲ್ಲವನ್ನೂ ಹೇಳಿದೆ ಅಂತ ನಿಮ್ಮ ಡೈರಿಯಲ್ಲಿ ಬರೆದಿಡಿ, ನಾಳೆ ನಿಮ್ಮನ್ನು ಕಾಯುವುದು ಅದೇ.

ಪ್ರಶ್ನೆ: ನನಗೆ 20 ವರ್ಷ, ಮದುವೆಯಾಗಿಲ್ಲ. ಆಸ್ಪತ್ರೆಗೆ ಹೋದರೆ ಮನೆಗೆ ಹೇಳುತ್ತಾರಾ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಹೇಳುವಂತಿಲ್ಲ. ಎಂಟಿಪಿ ಕಾಯ್ದೆಯ 5ಎ ಸೆಕ್ಷನ್ ಪ್ರಕಾರ ಹೆಸರು, ವಿವರ ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ದಾಖಲಾತಿ ರಿಜಿಸ್ಟರ್ ಗುಟ್ಟಿನ ದಾಖಲೆ. ನಿಮಗೆ 18 ತುಂಬಿದೆ, ನಿಮ್ಮ ಸಹಿ ಸಾಕು. ತಡ ಮಾಡಬೇಡಿ, ಈ ವಾರವೇ ಹೋಗಿ. ಒಬ್ಬ ಗೆಳತಿಯನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಗುಂಪಿನಲ್ಲೇ ಕೆಲವರಿಗೆ ಗರ್ಭಪಾತ ಅಂದರೆ ಪಾಪ ಅನಿಸುತ್ತದೆ. ಮೀಟಿಂಗಿನಲ್ಲಿ ಆ ಮಾತು ಎತ್ತಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ಒಟ್ಟಿಗೆ ಹೋರಾಡುವುದು ಹೇಗೆ?
(ಶಿಕ್ಷಕಿ, ಬೆಳಗಾವಿ)

ಉತ್ತರ: ಎದ್ದು ಹೋಗುವವರನ್ನು ಬೈದರೆ ವಾಪಸ್ ಬರುವುದಿಲ್ಲ. ಅವರಿಗೆ ಪಾಪ ಅನಿಸಿದರೆ ಅನಿಸಲಿ, ಯಾರೂ ಅವರಿಗೆ ಮಾಡಿಸಿಕೊಳ್ಳಿ ಅನ್ನುತ್ತಿಲ್ಲವಲ್ಲ. ಎಲ್ಲರೂ ಒಪ್ಪುವ ಕಡೆಯಿಂದ ಶುರು ಮಾಡಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಸೇರಿ. ನಿಮ್ಮ ಗುಂಪಿನಲ್ಲಿ ಎಷ್ಟು ಜನ ದುಡ್ಡು ಕೊಟ್ಟಿದ್ದಾರೆ ಕೇಳಿ ನೋಡಿ, ಯಾರೂ ಎದ್ದು ಹೋಗುವುದಿಲ್ಲ, ಬೇಕಾದರೆ ಗಡಿಯಾರ ನೋಡಿಕೊಳ್ಳಿ. ಆಮೇಲೆ ಬಾಣಂತಿಯರ ಸಾವಿನ ವಿಷಯ. 2018-20ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜನನಕ್ಕೆ 69 ತಾಯಂದಿರು ಸತ್ತಿದ್ದಾರೆ. ದೇಶದ ಸರಾಸರಿ 97. ನಾವು ಮುಂದಿದ್ದೇವೆ ಅಂತ ಬೀಗಬಹುದು, ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ಸತ್ತದ್ದನ್ನು ಮರೆಯಬೇಕಾಗುತ್ತದೆ. ಕೂಲಿಯ, ಗಾರ್ಮೆಂಟ್ಸಿನ ಹೆಂಗಸರಿದ್ದರೆ ಹೆರಿಗೆ ರಜೆ ಎತ್ತಿ. 2017ರ ತಿದ್ದುಪಡಿಯಲ್ಲಿ 26 ವಾರ ಆಯಿತು, ಆದರೆ ಎರಡು ಮಕ್ಕಳಿದ್ದವರಿಗೆ 12 ವಾರ ಮಾತ್ರ. ಗರ್ಭ ಹೋದರೂ, ಕಾಯ್ದೆ ಪ್ರಕಾರ ತೆಗೆಸಿದರೂ 6 ವಾರ ಸಂಬಳ ಸಹಿತ ರಜೆ ಇದೆ ಅನ್ನುವುದು ಎಷ್ಟೋ ಎಚ್‌ಆರ್‌ಗಳಿಗೇ ಗೊತ್ತಿಲ್ಲ. 2025ರ ಮೇ ತಿಂಗಳಲ್ಲಿ ತಮಿಳುನಾಡಿನ ಶಿಕ್ಷಕಿಯೊಬ್ಬರ ಕೇಸಿನಲ್ಲಿ, ಹೆರಿಗೆ ರಜೆಯೂ ಸಂತಾನದ ಹಕ್ಕಿನ ಭಾಗವೇ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ನೀವೂ ಶಿಕ್ಷಕಿ, ಅದನ್ನು ಓದಿ.

ಹೀಗೆ ಕೂತು ಮಾತಾಡುತ್ತಾ ಹೋದರೆ ಗರ್ಭಪಾತದ ಮಾತು ತಾನಾಗಿ ಬರುತ್ತದೆ, ಗುಂಪಿನ ಯಾರದೋ ಬಾಯಿಂದಲೇ. ನಿಮ್ಮ ಊರಿನಲ್ಲಂತೂ ಸವಿತಾ ಹಾಲಪ್ಪನವರ್ ಹೆಸರು ತಿಳಿಯದವರು ಕಡಿಮೆ. ಬೆಳಗಾವಿಯ ಆ ದಂತವೈದ್ಯೆ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಬಸಿರು, ಗರ್ಭ ಉಳಿಯುವುದಿಲ್ಲ ಅಂತ ಡಾಕ್ಟರಿಗೂ ಗೊತ್ತಿತ್ತು. ಆದರೂ ಭ್ರೂಣದ ಎದೆಬಡಿತ ಇರುವವರೆಗೆ ತೆಗೆಯುವುದಿಲ್ಲ ಅಂದರು. ನಂಜೇರಿ ಸತ್ತರು. ಐರ್ಲೆಂಡಿನ ಹೆಂಗಸರು ಅವರ ಫೋಟೋ ಹಿಡಿದು ಆರು ವರ್ಷ ಬೀದಿಗಿಳಿದರು. ಮನೆಮನೆ ಬಾಗಿಲು ತಟ್ಟಿದರು. 2018ರ ಮೇ 25ರಂದು ಜನಮತಗಣನೆಯಲ್ಲಿ ಶೇ. 66.4 ಮಂದಿ ಅಲ್ಲಿನ ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧವನ್ನು ತೆಗೆಯಲು ಓಟು ಹಾಕಿದರು. ಸವಿತಾರ ತಂದೆ ಬೆಳಗಾವಿಯಿಂದಲೇ ಅಲ್ಲಿನ ಜನಕ್ಕೆ ಕೈಮುಗಿದು ಕೇಳಿಕೊಂಡಿದ್ದರು. ಐರ್ಲೆಂಡ್ ಕಟ್ಟಾ ಕ್ಯಾಥೊಲಿಕ್ ದೇಶ, ಓಟು ಹಾಕಿದವರಲ್ಲಿ ಚರ್ಚಿಗೆ ಹೋಗುವವರೂ ಬೇಕಾದಷ್ಟಿದ್ದರು.

ಪ್ರಶ್ನೆ: ಈಗಿರುವ ಕಾಯ್ದೆಯಲ್ಲಿ ಇನ್ನೂ ಏನು ಬದಲಾಗಬೇಕು? ಒಂದೆರಡು ಹೇಳಿ.
(ಕಾನೂನು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಮೊದಲನೆಯದು ಬುಡದ್ದು. ಕಾಯ್ದೆಯಲ್ಲಿ ತೀರ್ಮಾನ ಇನ್ನೂ ಡಾಕ್ಟರದು, ಹೆಂಗಸಿನದಲ್ಲ. ಅವಳು ಕೇಳಬೇಕು, ಡಾಕ್ಟರು ಒಪ್ಪಬೇಕು. ಮೊದಲ 12 ವಾರಕ್ಕಾದರೂ ಅವಳ ಮಾತೇ ಸಾಕು ಅಂತ ಬರೆಯಬೇಕು. ಇದರ ಹೊರಗೆ ನಡೆದರೆ ಗರ್ಭಪಾತ ಇವತ್ತಿಗೂ ಅಪರಾಧವೇ. ಹಳೆ ದಂಡಸಂಹಿತೆಯ 312ನೇ ಸೆಕ್ಷನ್ ಹೋಗಿ ನ್ಯಾಯ ಸಂಹಿತೆಯ 88 ಆಗಿದೆ, ನಂಬರು ಮಾತ್ರ ಹೊಸದು.

ಎರಡನೆಯದು ಮಂಡಳಿಗಳು. ಮೂರು ದಿನದಲ್ಲಿ ಅಭಿಪ್ರಾಯ, ಐದು ದಿನದೊಳಗೆ ಚಿಕಿತ್ಸೆ ಅಂತ 2021ರ ನಿಯಮ ಹೇಳುತ್ತದೆ. ಮಂಡಳಿ ಜಿಲ್ಲಾ ಕೇಂದ್ರದಲ್ಲೂ ಇಲ್ಲದಿದ್ದರೆ ಹಳ್ಳಿಯ ಬಸುರಿ ಆ ದಿನಗಳನ್ನು ಬಸ್ಸಿನಲ್ಲೇ ಕಳೆಯಬೇಕಾಗುತ್ತದೆ. 24 ವಾರ ದಾಟಿದವರಿಗೆ ಬಾಗಿಲು ಎಷ್ಟು ಕಿರಿದು ಅಂತ 2023ರ ಅಕ್ಟೋಬರಿನಲ್ಲಿ ನೋಡಿದೆವು. ಎರಡು ಮಕ್ಕಳ ತಾಯಿ, ಬಾಣಂತನದ ನಂತರದ ಖಿನ್ನತೆ, 26 ವಾರ. ಸುಪ್ರೀಂ ಕೋರ್ಟಿನ ಒಂದು ಪೀಠ ಒಪ್ಪಿತು, ಆಮೇಲೆ ಮೂವರ ಪೀಠ ಆಗುವುದಿಲ್ಲ ಅಂದಿತು.

ಮೂರನೆಯದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ. 18ರ ಒಳಗಿನವರು ಬಸಿರಾಗಿ ಬಂದರೆ ಡಾಕ್ಟರು ಪೊಲೀಸರಿಗೆ ತಿಳಿಸಬೇಕು. ಹುಡುಗಿಯರು ಹೆದರಿ ಆಸ್ಪತ್ರೆಗೇ ಬರುವುದಿಲ್ಲ. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಹೆಸರು ಕೊಡಬೇಕಾಗಿಲ್ಲ ಅಂತ 2022ರ ತೀರ್ಪಿನಲ್ಲಿದೆ. ತೀರ್ಪಿನಲ್ಲಿದ್ದರೆ ಸಾಲದು, ಕಾಯ್ದೆಯೊಳಗೆ ಬರಬೇಕು. ಠಾಣೆಯಲ್ಲಿ ತೀರ್ಪು ಓದುವವರು ಯಾರು?

ಪ್ರಶ್ನೆ: ಮಸೂದೆಗೆ ಅಭಿಪ್ರಾಯ ಕಳಿಸಿ ಅಂತ ಪೇಪರಿನಲ್ಲಿ ಬರುತ್ತದೆ. ನಾವು ಬರೆದರೆ ಓದುತ್ತಾರಾ? ಎಷ್ಟು ಪುಟ ಬರೆಯಬೇಕು?
(ಗೃಹಿಣಿ, ಶಿವಮೊಗ್ಗ)

ಉತ್ತರ: ಓದಿದ ಉದಾಹರಣೆ ಇದೆ. ಬಾಡಿಗೆ ತಾಯ್ತನದ ಮಸೂದೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋದಾಗ ಜನ, ಸಂಘಟನೆಗಳು, ಡಾಕ್ಟರುಗಳು ತಮ್ಮ ಮಾತು ಹೇಳಿದರು. 2020ರ ಫೆಬ್ರವರಿಯಲ್ಲಿ ಸಮಿತಿ ವರದಿ ಕೊಟ್ಟಿತು. ಹತ್ತಿರದ ಸಂಬಂಧಿಯೇ ಬಾಡಿಗೆ ತಾಯಿಯಾಗಬೇಕು ಅನ್ನುವ ಷರತ್ತು ಹೋಯಿತು, ಆಕೆಯ ವಿಮೆ 16 ತಿಂಗಳಿಂದ 36 ತಿಂಗಳಿಗೆ ಏರಿತು, ವಿಧವೆಯರಿಗೆ, ವಿಚ್ಛೇದಿತರಿಗೆ ಅವಕಾಶ ಬಂತು. ಮದುವೆಯೇ ಆಗದವರಿಗೆ ಬರಲಿಲ್ಲ, ಅದು ಬಾಕಿ.

2014ರಿಂದ ಕೇಂದ್ರದ ಕರಡು ಕಾಯ್ದೆಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅನ್ನುವ ನೀತಿ ಇದೆ. ಎಷ್ಟೋ ಸಲ ಪಾಲಿಸುವುದಿಲ್ಲ, ಪಾಲಿಸದಿದ್ದರೆ ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ಪುಟ ಒಂದೇ ಸಾಕು. ಮಸೂದೆಯ ಎಷ್ಟನೇ ಕಲಮು, ಈಗ ಅಲ್ಲಿ ಏನಿದೆ, ಅದರ ಬದಲು ಯಾವ ಪದ ಬರಬೇಕು, ನಿಮ್ಮ ಬೀದಿಯಲ್ಲಿ ಯಾರಿಗೆ ಏನಾಗಿದ್ದಕ್ಕೆ ಹೀಗೆ ಕೇಳುತ್ತಿದ್ದೀರಿ. "ಮಹಿಳೆಯರಿಗೆ ನ್ಯಾಯ ಸಿಗಲಿ" ಅಂತ ಬರೆದರೆ ಸಮಿತಿಯ ಗುಮಾಸ್ತರಿಗೆ ಅದನ್ನು ಯಾವ ಕಲಮಿನ ಫೈಲಿಗೆ ಸೇರಿಸಬೇಕು ಅಂತ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ, ಕನ್ನಡದಲ್ಲಾದರೆ ಕೆಳಗೆ ಒಂದು ಪ್ಯಾರಾ ಇಂಗ್ಲಿಷ್ ಸಾರಾಂಶ ಇರಲಿ, ಪಕ್ಕದ ಮನೆಯ ಕಾಲೇಜು ಹುಡುಗಿಯ ಕೈಯಲ್ಲಿ ಮಾಡಿಸಿ. ಕೊನೆಯ ದಿನಕ್ಕೆ ಕಾಯಬೇಡಿ.